ಎರಡರಿಂದ ಮೂರರ ತಾಸು

ಇಂಡಿ
ತಾ. 21-11-1997, ಶುಕ್ರವಾರ

ನನ್ನ ತಂಗಿ ಸುನೀತಾಳಿಗೆ ನಿನ್ನ ಅಕ್ಕ ಸುಂದರವ್ವ ಮಾಡುವ ಆಶೀರ್ವಾದಗಳು.

ಇದು ಎರಡನೆಯ ಹಾಳೆ. ಮೊದಲನೆಯದರಲ್ಲಿ ಕೈ ತನ್ನ ರೂಢಿಯಂತೆ ‘ಚಿ. ಸೌ.’ ಎಂದು ಬರೆದುಬಿಟ್ಟಿತು. ಹನ್ನೊಂದು ವರ್ಷ ನಿನಗೆ ಹಾಗೆಯೇ ಬರೆದಿದ್ದೇನಲ್ಲ. ಬರೆದಾದ ಮೇಲೆ ಕಣ್ಣಿಗೆ ಬಿತ್ತು. ಗೀಟು ಎಳೆದರೆ ಗೀಟಿನ ಕೆಳಗಿಂದಲೂ ನಿನಗೆ ಕಾಣುತ್ತದೆ. ಅದಕ್ಕೇ ಹಾಳೆಯನ್ನು ಒಲೆಗೆ ಹಾಕಿದೆ. ಇದರಲ್ಲಿ ಬರೀ ನಿನ್ನ ಹೆಸರು ಇದೆ. ತಪ್ಪು ತಿಳಿಯಬೇಡ.

ನಿನ್ನೆ ಮಧ್ಯಾಹ್ನ ಸಾವುಕಾರರ ಅಂಗಡಿಯಲ್ಲಿ ನಿಂಬೆಕಾಯಿ ಆರಿಸುವಾಗ ಚೀಲಕ್ಕೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿದೆ. ಮತ್ತೆ ಅದೇ ಕನಸು. ನಮ್ಮ ಪ್ರಾರ್ಥನಾ ಮಂದಿರದ ಮುಂದೆ ನಿನ್ನ ಗಂಡನ ಟೆಂಪೋ ನಿಂತಿದೆ. ಒಳಗೆ ಅವನು, ಸಿದ್ಧರಾಮ, ಒಬ್ಬನೇ ಕೂತಿದ್ದಾನೆ. ಕಣ್ಣು ದವಾಖಾನೆಯಲ್ಲಿದ್ದ ಹಾಗೆಯೇ ಹಳದಿ. “ಅಕ್ಕಾರ, ನನಗ ಇಳಿಯಾಕ ಬರೂದಿಲ್ಲ, ಅಲ್ಲಿಂದನ ಹಾಕ್ರಿ” ಎಂದು ಕಿಟಕಿಯಿಂದ ಬೊಗಸೆ ಒಡ್ಡುತ್ತಾನೆ. ನನ್ನ ಕೈಯಲ್ಲಿ ತುಂಬಿದ ತಂಬಿಗೆ. ಬಗ್ಗಿಸುತ್ತೇನೆ, ನೀರು ಬೀಳುವುದಿಲ್ಲ. ಬುಡಮೇಲು ಮಾಡುತ್ತೇನೆ, ಆಗಲೂ ಬೀಳುವುದಿಲ್ಲ. ಅವನು ಬೇಸರ ಮಾಡಿಕೊಳ್ಳುವುದಿಲ್ಲ, ಬಯ್ಯುವುದಿಲ್ಲ, ಒಡ್ಡಿದ ಕೈಯನ್ನು ಹಿಂದಕ್ಕೂ ತೆಗೆದುಕೊಳ್ಳುವುದಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ಈ ತಿಂಗಳಲ್ಲಿ ಇದು ನಾಲ್ಕನೆಯ ಸಲ.

ಮಕ್ಕಳು ಸಾಲಿಗೆ ಹೋಗುತ್ತಿದ್ದಾರೋ ಇಲ್ಲವೋ? ಅವರಿಗೆ ನೀರು ಕಾಯಿಸಿ ಆರಿಸಿ ಕೊಡು. ಹಳದಿ ಕಾಮಣಿ ಆದವರ ತಾಟು, ಲೋಟ ಬೇರೆ ಇಡಬೇಕೆಂದು ಡಾಕ್ಟರು ಹೇಳಿದ್ದರು, ಇಟ್ಟಿದ್ದೀಯಾ? ಟೆಂಪೋ ಬಿಸಿಲಲ್ಲಿ ನಿಂತರೆ ಟೈರು ಸೀಳುತ್ತದಂತೆ, ಮೇಲೆ ಒಂದು ಗೋಣಿತಟ್ಟು ಹೊದಿಸು. ಹಿತ್ತಲ ಬಾಗಿಲಿನ ಚಿಲಕ ಸಡಿಲವಾಗಿತ್ತು, ಅದನ್ನು ಸರಿ ಮಾಡಿಸಿದೆಯೋ ಇಲ್ಲವೋ ಎಂದು ದಿನಾ ನೆನಪಾಗುತ್ತದೆ. ನೀನು ನಗಬಹುದು, ಅಕ್ಕನಿಗೆ ಚಿಂತೆ ಮಾಡಲು ಒಂದು ಚಿಲಕ ಸಾಕು ಎಂದು. ನಕ್ಕರೆ ನಗು. ನೀನು ನಕ್ಕು ಎಷ್ಟು ದಿನವಾಯಿತೋ.

ಹೇಳಬೇಕಾದದ್ದು ಇದಲ್ಲ. ಸುತ್ತಿ ಸುತ್ತಿ ಬರುತ್ತಿದ್ದೇನೆ.

ಮಣ್ಣು ಕೊಟ್ಟು ಬಂದ ದಿನ ನಿಮ್ಮ ಗೊಳಸಂಗಿಯ ಮನೆಯ ಪಡಸಾಲೆಯಲ್ಲಿ ನೀನು ನನ್ನ ತೊಡೆಯ ಮೇಲೆ ತಲೆ ಇಟ್ಟು ಒಂದು ಮಾತು ಕೇಳಿದೆ. “ಅಕ್ಕ, ನಿಮ್ಮ ಮಂದಿ ಹನ್ನೆರಡ ತಾಸು ಕುಂತಿದ್ರಲ್ಲ, ಯಾರೂ ತಪ್ಪಿಸಲಿಲ್ಲಲ್ಲ?” ಎಂದೆ. ನಾನು “ಇಲ್ಲವ್ವಾ, ಒಬ್ಬರೂ ತಪ್ಪಿಸಲಿಲ್ಲ” ಎಂದೆ. ನೀನು ದೊಡ್ಡದಾಗಿ ಉಸಿರು ಬಿಟ್ಟು, “ಹಂಗಾದ್ರ ಯಾರದೂ ತಪ್ಪಿಲ್ಲ ಬಿಡು. ಹೋಗೂದ ಇತ್ತು, ಹೋದ್ರು” ಎಂದೆ. ಆಮೇಲೆ ಎರಡು ದಿನದಲ್ಲಿ ಮೊದಲ ಸಲ ನಿನಗೆ ನಿದ್ದೆ ಹತ್ತಿತು.

ಸುನೀತಾ, ನಾನು ಹೇಳಿದ್ದು ಸುಳ್ಳು. ಆ ಸುಳ್ಳಿನ ಮೇಲೆ ನೀನು ಮಲಗಿದ್ದೀಯ ಎಂದು ನೆನೆದರೆ ನನಗೆ ಕೂತಲ್ಲಿ ಕೂಡಲಾಗುವುದಿಲ್ಲ.

ನಮ್ಮಲ್ಲಿ ಸರಪಳಿ ಪ್ರಾರ್ಥನೆ ಹೇಗೆಂದು ನಿನಗೆ ಪೂರಾ ಗೊತ್ತಿಲ್ಲ. ಯಾರಿಗಾದರೂ ಭಾರಿ ಬೇನೆ ಬಂದರೆ ಪಾಸ್ಟರರು ಒಂದು ಹಾಳೆಯ ಮೇಲೆ ತಾಸುಗಳನ್ನು ಬರೆದು ಮಂದಿರದ ಬಾಗಿಲಿಗೆ ಅಂಟಿಸುತ್ತಾರೆ. ಬೆಳಗಿನ ಆರರಿಂದ ಸಂಜೆಯ ಆರರ ತನಕ ಹನ್ನೆರಡು ತಾಸು, ಹನ್ನೆರಡು ಮಂದಿ. ಒಬ್ಬರು ಎದ್ದ ಮೇಲೆ ಇನ್ನೊಬ್ಬರು ಬಂದು ಮೊಣಕಾಲೂರಿ ಕೂಡಬೇಕು. ನಡುವೆ ಒಂದು ಕೊಂಡಿಯೂ ಬಿಡಬಾರದು. ನೀನು ಬಿಜಾಪುರದ ದವಾಖಾನೆಯಿಂದ ನಮ್ಮ ಸಾವುಕಾರರ ಅಂಗಡಿಗೆ ಫೋನು ಮಾಡಿ, “ಅಕ್ಕ, ನಮ್ಮ ದೇವರಿಗೆಲ್ಲಾ ಹೇಳಿ ಆತು, ನಿಮ್ಮ ದೇವರಿಗೂ ಒಂದ್ ಮಾತ ಹೇಳ” ಎಂದು ಅತ್ತಾಗ, ನಾನೇ ಓಡಿಹೋಗಿ ಸಿದ್ಧರಾಮನ ಹೆಸರು ಬರೆಸಿದೆ. ನನ್ನ ಪಾಲಿಗೆ ಎರಡರಿಂದ ಮೂರರ ತಾಸು ಬೇಕೆಂದು ನಾನೇ ಕೇಳಿ ಪಡೆದೆ. ಆ ಹೊತ್ತಿಗೆ ನಿಂಬೆಕಾಯಿ ಆರಿಸುವವರಿಗೆ ಉಣ್ಣಲು ಬಿಡುತ್ತಾರೆ. ನನ್ನ ಮುಂದಿನ, ಮೂರರಿಂದ ನಾಲ್ಕರ ತಾಸು ರುಕ್ಮವ್ವನದು. ನನ್ನ ಜೊತೆ ಚೀಲದ ಮುಂದೆ ಕೂಡುವ ಮುದುಕಿ. ನನ್ನ ಎರಡನೆಯ ಕೂಸು ಹೊಟ್ಟೆಯಲ್ಲೇ ಹೋದಾಗ ನನ್ನನ್ನು ಕೈಹಿಡಿದು ಸಭೆಗೆ ಕರೆದುಕೊಂಡು ಹೋದವಳು ಅವಳೇ.

ಸರಪಳಿ ಇದ್ದ ಆ ಬುಧವಾರ ನನ್ನ ತಾಸಿಗೆ ನಾನು ಹೋದೆ. ಕೂತೆ. ದಣಿವಿಗೆ ಕಣ್ಣು ಹತ್ತಿ ಮಲಗಿಬಿಟ್ಟೆ.

ಇಲ್ಲ. ಇದೂ ಸುಳ್ಳು. ಮೇಲಿನ ಸಾಲನ್ನು ಹೊಡೆದು ಹಾಕುವುದಿಲ್ಲ. ನಿನ್ನ ಅಕ್ಕ ಎಷ್ಟು ಸಲೀಸಾಗಿ ಸುಳ್ಳು ಬರೆಯುತ್ತಾಳೆಂದು ನಿನಗೆ ಕಾಣಲಿ. ನಾನು ಮಲಗಿರಲಿಲ್ಲ. ಮೊಣಕಾಲೂರಿ ಕಣ್ಣು ಮುಚ್ಚಿ “ಕರ್ತನೇ, ಸಿದ್ಧರಾಮನನ್ನು” ಎಂದೆ. ಅಷ್ಟಕ್ಕೇ ನಮ್ಮವ್ವನ ತಂಬಿಗೆ ಕಣ್ಣ ಮುಂದೆ ಬಂತು.

ನಿನಗೂ ಮರೆತಿರಲಿಕ್ಕಿಲ್ಲ. ನಾಲ್ಕು ವರ್ಷದ ಹಿಂದೆ ಅವ್ವ ನಿಮ್ಮ ಮನೆಯಲ್ಲಿ ಕೊನೆಯ ಉಸಿರು ಎಳೆಯುತ್ತಿದ್ದಳು. ನಾನು ಇಂಡಿಯಿಂದ ಎರಡು ಬಸ್ಸು ಬದಲಿಸಿ ಬಂದು, ಚಪ್ಪಲಿ ಸಹ ಬಿಡದೆ ತಂಬಿಗೆ ತುಂಬಿಕೊಂಡು ಅವಳ ತಲೆಯ ಹತ್ತಿರ ಕೂತೆ. ಬಾಯಿಗೆ ಎರಡು ಹನಿ ಬಿಡಬೇಕು, ಅಷ್ಟರಲ್ಲಿ ಸಿದ್ಧರಾಮ ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡ. ಕಸಿದುಕೊಳ್ಳಲಿಲ್ಲ, ಮೆಲ್ಲಗೇ ತೆಗೆದುಕೊಂಡ. “ನೀವ ಬ್ಯಾಡ್ರಿ ಅಕ್ಕಾರ. ನೀವು ಯೇಸುನ ಕಡೆ ಹೋದವರು. ನಿಮ್ಮ ಕೈಯಾನ ನೀರು ನಮ್ಮ ಅತ್ತೀಗೆ ಸಲ್ಲೂದಿಲ್ಲ” ಎಂದ. ಓಣಿಯ ಹೆಂಗಸರೆಲ್ಲ ನೋಡುತ್ತಿದ್ದರು. ಆಮೇಲೆ ನೀನು ನೀರು ಬಿಟ್ಟೆ. ನೀನು ನನ್ನ ಮುಖ ನೋಡಲಿಲ್ಲ. ಇದನ್ನು ನಾನು ಈ ತನಕ ನಿನಗೆ ಹೇಳಿಲ್ಲ, ಈಗ ಹೇಳಿದೆ. ಅವ್ವ ಕಣ್ಣು ತೆರೆದು ಹುಡುಕಿದ್ದು ಯಾರನ್ನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅವನಿಗೋಸ್ಕರ ಬಾಯಿ ತೆರೆದರೆ ಈ ತಂಬಿಗೆ ಅಡ್ಡ ಬಂತು. ಎಷ್ಟು ಸಲ “ಸಿದ್ಧರಾಮನನ್ನು” ಎಂದರೂ ಮುಂದಿನ ಮಾತು ಹೊರಡಲಿಲ್ಲ. ಆಗ ನನ್ನ ಮನಸ್ಸು ಏನು ಮಾಡಿತು ಕೇಳು. ಹಿಂದಿನ ಭಾನುವಾರ ಪಾಸ್ಟರರು ಪ್ರಸಂಗದಲ್ಲಿ ನಿಮ್ಮ ಸೀಮೆಯ ಆಣೆಕಟ್ಟಿನ ಮಾತನ್ನೇ ಹೇಳಿದ್ದರು. “ನಿಡಗುಂದಿ ಕಡೆ ಹೊಲದಾಗ ಕಲ್ಲ ನೆಟ್ಟಾರ ನೋಡ್ರಿ, ಕಟ್ಟಿ ತುಂಬಿದ ಮ್ಯಾಲ ನೀರು ಇಲ್ಲೀಮಟ ಬರ್ತೈತಿ ಅಂತ. ನೀರ ಇನ್ನೂ ಬಂದಿಲ್ಲ, ಅಲ್ಲಿ ಜೋಳ ಬೆಳದೈತಿ. ಆದ್ರ ಕಲ್ಲಿಗೆ ಗೊತ್ತೈತಿ. ಹಂಗ ನಮ್ಮ ನಾಳೆ ದೇವರಿಗೆ ಇವತ್ತ ಗೊತ್ತೈತಿ” ಎಂದಿದ್ದರು. ಅಂದು ಕೇಳಿದಾಗ ನನ್ನಂಥ ಅಂಜುಬುರುಕಿಗೆ ಎಷ್ಟು ಸಮಾಧಾನವಾಗಿತ್ತು! ನನ್ನ ಬದಲು ಚಿಂತೆ ಮಾಡುವವನು ಒಬ್ಬನಿದ್ದಾನೆ ಎಂದು ಆ ವಾರವೆಲ್ಲ ಹಗುರಾಗಿದ್ದೆ. ಅದೇ ಮಾತನ್ನು ಬುಧವಾರ ನಾನು ಬೇರೆಯದಕ್ಕೆ ಬಳಸಿಕೊಂಡೆ. ಅವನು ಉಳಿಯುತ್ತಾನೋ ಹೋಗುತ್ತಾನೋ ದೇವರಿಗೆ ಆಗಲೇ ಗೊತ್ತು. ಕಲ್ಲು ನೆಟ್ಟಾಗಿದೆ. ನಾನು ಕೂತರೂ ನೀರು ಅಲ್ಲಿಗೇ ಬರುತ್ತದೆ, ಎದ್ದರೂ ಅಲ್ಲಿಗೇ ಬರುತ್ತದೆ. ನನ್ನದೊಂದು ಮಾತಿನಿಂದ ಏನಾಗಬೇಕು?

ಹೀಗೆಂದುಕೊಂಡು ಎದ್ದುಬಿಟ್ಟೆ. ಗೋಡೆಯ ಗಡಿಯಾರದಲ್ಲಿ ಎರಡು ಹೊಡೆದು ಹದಿನೈದು ನಿಮಿಷ ಸಹ ಆಗಿರಲಿಲ್ಲ. ಖಾಲಿ ಮಂದಿರದ ಬಾಗಿಲು ಮುಂದಕ್ಕೆಳೆದು ಹೋಗಿ ನಿಂಬೆಕಾಯಿ ಆರಿಸುತ್ತ ಕೂತೆ. ಸಣ್ಣದು ಬೇರೆ, ದೊಡ್ಡದು ಬೇರೆ, ಕಲೆ ಬಿದ್ದದ್ದು ಬೇರೆ. ಬೆರಳಿನ ಸೀಳಿಗೆ ಹುಳಿ ಇಳಿದು ಉರಿಯುತ್ತಿತ್ತು. ಅವತ್ತು ಆ ಉರಿ ಹಿತವಾಗಿತ್ತು ಎಂದರೆ ನಂಬುತ್ತೀಯಾ? ಸೇಡು ತೀರಿಸಿಕೊಂಡವಳ ಹಾಗೆ ಕೂತಿದ್ದೆ.

ಸಂಜೆ ಅಂಗಡಿಗೆ ನಿನ್ನ ಫೋನು ಬಂತು. ಮೂರಕ್ಕೆ ಇಪ್ಪತ್ತು ನಿಮಿಷ ಕಡಿಮೆ ಇದ್ದಾಗ ಹೋದರು ಎಂದು ನೀನು ಹೇಳಿದೆ. ಕೈಯಲ್ಲಿದ್ದ ಕಾಯಿ ಬಿತ್ತು. ನನ್ನ ತಾಸು ಅದು.

ಮಣ್ಣಿಗೆ ಬಂದಾಗ ನೀನು ಇನ್ನೂ ಎರಡು ಮಾತು ಹೇಳಿದೆ. ನಿನಗೆ ಅವು ಸಣ್ಣವಾಗಿ ಕಂಡಿರಬಹುದು. ಮೊದಲನೆಯದು, ಅವನು ಬೆಳಗಿನಿಂದ “ಅಕ್ಕಾರು ಕುಂತಾರಂತ ಖರೇನ? ಅಕ್ಕಾರೂ ಕುಂತಾರಾ?” ಎಂದು ಎರಡು ಸಲ ಕೇಳಿದ್ದನೆಂದು. ಎರಡನೆಯದು, ನೀನು ಔಷಧಿ ತರಲು ಕೆಳಗೆ ಹೋಗಿದ್ದಾಗ ಅವನು ನೀರು ಬೇಡಿದನೆಂದು, ಪಕ್ಕದ ಮಂಚದ ರೋಗಿಯ ತಾಯಿ, ಸಿಂದಗಿಯ ಶಮ್ಶುನ್ನೀಸಾ, ಚಮಚದಿಂದ ನೀರು ಹಾಕಿದಳೆಂದು, ಅವನು ಕುಡಿದು “ಸಾಕ್ ಬೇ ಅವ್ವಾ” ಎಂದು ಮುಖ ಸಡಿಲ ಬಿಟ್ಟನೆಂದು. ಬೆಳಗಿನಿಂದ ಗಂಟು ಹಾಕಿದ್ದ ಹುಬ್ಬು ಬಿಚ್ಚಿತ್ತು, ನೀನು ಮೇಲೆ ಬರುವಷ್ಟರಲ್ಲಿ ಉಸಿರು ಹತ್ತಿತ್ತು ಎಂದೆ. ನಾನು ಅವನ ಹೆಂಡತಿಯ ಒಡಹುಟ್ಟಿದವಳು. ಅವನು ನನ್ನನ್ನು ನೆನೆಯುತ್ತಿದ್ದಾಗ ನಾನು ಕಾಯಿ ಆರಿಸುತ್ತಿದ್ದೆ, ಅವನಿಗೆ ನೀರು ಹಾಕಿದವಳು ಗುರುತು ಪರಿಚಯ ಇಲ್ಲದ ಇನ್ಯಾರೋ ಮಗನ ತಾಯಿ.

ಹದಿನೈದು ದಿನ ಬಾಯಿ ಬಿಡಲಿಲ್ಲ. ಕೊನೆಗೆ ಪಾಸ್ಟರರ ಮುಂದೆ ಹೇಳಿಕೊಂಡೆ. ಅವರು ಬಯ್ಯಲಿಲ್ಲ. “ನಿನ್ನಿಂದ ಆತ ಹೋಗಲಿಲ್ಲವ್ವಾ. ದೇವರಿಗೆ ಗೊತ್ತಿತ್ತು ಅಂದ್ರ ದೇವರ ಮಾಡಿದ ಅಂತಲ್ಲ. ಕಲ್ಲು ನೀರ ತರೂದಿಲ್ಲಲ್ಲ” ಎಂದರು. ನನಗೆ ಎಲ್ಲಿಂದ ಧೈರ್ಯ ಬಂತೋ, “ಅಯ್ಯಾರ, ಕಲ್ಲ ನೆಟ್ಟವರೇ ಕಟ್ಟೀನೂ ಕಟ್ಟ್ಯಾರಲ್ರಿ” ಎಂದುಬಿಟ್ಟೆ. ಐದನೇ ಇಯತ್ತೆಗೆ ಸಾಲಿ ಬಿಟ್ಟವಳ ಬಾಯಲ್ಲಿ ಬಂದ ಮಾತು. ಅವರು ಕಣ್ಣಿನ ಚಾಳೀಸು ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. “ಸುಂದರವ್ವಾ, ಕಟ್ಟಿ ಕಟ್ಟಿದಾತನೇ ಮುಳುಗೂ ಊರಾಗ ಬಂದು ತಾನೂ ಒಂದ ಮನಿ ಮಾಡಿದ, ತಾನೂ ಮುಳುಗಿದ. ನಾ ಇಷ್ಟ ಹಿಡಕೊಂಡ ಕುಂತೇನಿ” ಎಂದರು. ಆ ಮಾತು ನನಗೆ ಅರ್ಧ ತಿಳಿದಿದೆ, ಇನ್ನರ್ಧ ತಿಳಿದಿಲ್ಲ.

ರುಕ್ಮವ್ವನಿಗೂ ಹೇಳಿದೆ. ಅವಳ ಬಾಯಿ ನಿನಗೆ ಗೊತ್ತಲ್ಲ. “ಏ ಸುಂದ್ರಿ, ನೀ ಎದ್ದಿ ಅಂತ ದೇವರ ಕೈ ಕಟಗೊಂಡ ಕುಂತಿದ್ದನೇನ? ನಿಂಬಿಕಾಯಿ ಆರಿಸೂ ಹೆಂಗಸು ಒಬ್ಬಾಕಿ ಇಂಡ್ಯಾಗ ಮುನಿಸ್ಕೊಂಡ್ರ ಮ್ಯಾಲ ಎಲ್ಲಾ ಕೆಲಸ ನಿಂತ ಬಿಡ್ತೈತಿ! ಭಾಳ ದೊಡ್ಡ ಸಾಹೇಬ ನೀ” ಎಂದು ನಕ್ಕಳು. ನಾನು ಅಳುವುದನ್ನು ನೋಡಿ ಹತ್ತಿರ ಸರಿದು, “ಹುಚ್ಚಿ, ಆ ತಾಸು ನಿಂದ ಅಲ್ಲಾ, ನಂದು” ಎಂದಳು.

ಅದು ಹೇಗೆ ಗೊತ್ತೇನು? ಮಂದಿರದ ಗಡಿಯಾರವನ್ನು ಪಾಸ್ಟರರು ಅರ್ಧ ತಾಸು ಮುಂದೆ ಇಟ್ಟಿದ್ದಾರೆ. ಹೊಲದಿಂದ, ಪೇಟೆಯಿಂದ ಬರುವ ಮಂದಿ ಆರಾಧನೆಗೆ ತಡ ಮಾಡುತ್ತಾರೆಂದು ಹಿಂದಿನವರ ಕಾಲದಿಂದಲೂ ಹಾಗೇ ಇದೆ. ನಮಗೆಲ್ಲ ಗೊತ್ತು, ಗೊತ್ತಿದ್ದೂ ಮರೆತಿದ್ದೇವೆ. ಸರಪಳಿಗೆ ಎಲ್ಲರೂ ಅದೇ ಗಡಿಯಾರ ನೋಡಿ ಕೂಡುತ್ತೇವೆ. ಅದರಲ್ಲಿ ಮೂರು ಹೊಡೆದು ರುಕ್ಮವ್ವ ಕೂತಾಗ ದವಾಖಾನೆಯ ಗಡಿಯಾರದಲ್ಲಿ ಎರಡೂವರೆ. ಸಿದ್ಧರಾಮ ಹೋದದ್ದು ಎರಡು ನಲವತ್ತಕ್ಕೆ. ಆ ಹೊತ್ತಿಗೆ ಮಂದಿರ ಖಾಲಿ ಇರಲಿಲ್ಲ. ರುಕ್ಮವ್ವ ನೆಲಕ್ಕೆ ಹಣೆ ಹಚ್ಚಿ ಅವನ ಹೆಸರು ಹೇಳುತ್ತಿದ್ದಳು.

ಅವಳು ನನ್ನ ಭಾರ ಇಳಿಸಲೆಂದೇ ಇದನ್ನು ಹೇಳಿದ್ದು. ಮನೆಗೆ ಬರುವ ತನಕ ನಿಜಕ್ಕೂ ಹಗುರಾಗಿದ್ದೆ. ರೊಟ್ಟಿ ಬಡಿಯಲು ಕೂತಾಗ ಇನ್ನೊಂದು ಲೆಕ್ಕ ಹೊಳೆಯಿತು. ನನ್ನ ತಾಸಿನಲ್ಲಿ ಹೋಗಿದ್ದರೆ ತಪ್ಪು ನನ್ನದು. ನಾನು ಬಾಯಿ ತೆರೆದಿದ್ದರೆ ಉಳಿಯುತ್ತಿದ್ದ ಎಂದು ಅಳಬಹುದು, ದೇವರ ಮುಂದೆ ಹೊರಳಾಡಬಹುದು. ರುಕ್ಮವ್ವನ ತಾಸಿನಲ್ಲಿ ಹೋಗಿದ್ದರೆ? ಅವಳ ಎದೆಯಲ್ಲಿ ಯಾವ ತಂಬಿಗೆಯೂ ಇರಲಿಲ್ಲ. ಅವಳು ಬೇಡುತ್ತಿದ್ದಳು, ದೇವರು ಕೇಳುತ್ತಿದ್ದ, ಕೇಳುತ್ತಲೇ ಕರೆದುಕೊಂಡ. ನಾನು ತಪ್ಪಿಸಿಕೊಂಡೆ, ದೇವರು ಸಿಕ್ಕಿಬಿದ್ದ. ತಪ್ಪು ನನ್ನದೇ ಆಗಲಿ ಎಂದು ಬೇಡುವಷ್ಟಕ್ಕೆ ಬಂದಿದ್ದೇನೆ ಸುನೀತಾ. ತಪ್ಪಿತಸ್ಥಳಾಗಿ ಬದುಕಲು ನನಗೆ ಬರುತ್ತದೆ, ಅದು ರೂಢಿ ಇದೆ. ಆತನ ಮೇಲೆ ತಪ್ಪು ಹೊರಿಸಿ ಹೇಗೆ ಬದುಕಲಿ? ಕೂಸು ಹೋದಾಗ ನನ್ನನ್ನು ಹಿಡಿದವನು ಆತನೇ, ಇನ್ನು ಯಾರ ಹತ್ತಿರ ಹೋಗಲಿ?

ನಿನಗೆ ಇವೆಲ್ಲ ನಮ್ಮ ಸಭೆಯ ಮಾತು ಎನ್ನಿಸಬಹುದು. ನಿನ್ನ ಪಾಲಿಗೆ ಇರುವುದು ಇಷ್ಟೇ. ನಿನ್ನ ಗಂಡ ನನ್ನ ಮೇಲೆ ಭರವಸೆ ಇಟ್ಟು “ಅಕ್ಕಾರು ಕುಂತಾರಾ” ಎಂದು ಕೇಳಿದ, ನಾನು ಕೂತಿರಲಿಲ್ಲ. ನೀನು ಕೇಳಿದೆ, ನಾನು ಸುಳ್ಳು ಹೇಳಿದೆ. ನಿನ್ನನ್ನು ಎತ್ತಿಕೊಂಡು ಆಡಿಸಲೆಂದು ನಾನು ಸಾಲಿ ಬಿಟ್ಟವಳು, ನಿನ್ನ ಮುಖದ ಮೇಲೆ ನೊಣ ಕೂಡಲು ಬಿಡದವಳು. ನಿನಗೆ ಬಂದ ಇಷ್ಟು ದೊಡ್ಡ ಕಷ್ಟದಲ್ಲಿ ಒಂದು ತಾಸು ಕೂಡಲಿಲ್ಲ. ಬಯ್ಯುವುದಿದ್ದರೆ ಬಯ್ದು ಬರೆ. ಇನ್ನು ಮೇಲೆ ಬರಬೇಡ ಎಂದರೂ ಬರೆ. ಬರೆಯದೆ ಮಾತ್ರ ಇರಬೇಡ. ಅಂಚೆಯವನು ನಮ್ಮ ಓಣಿ ದಾಟಿ ಹೋಗುವಾಗ ನನ್ನ ಜೀವ ಬಾಯಿಗೆ ಬರುತ್ತದೆ.

ಮಕ್ಕಳಿಗೆ ನನ್ನ ಮುತ್ತು. ನೀರು ಕಾಯಿಸುವುದನ್ನು ಮರೆಯಬೇಡ. ಚಿಲಕ ನೋಡಿಸು.

ನಿನ್ನ ಕ್ಷಮೆಯನ್ನು ಬಾಯಿ ತೆರೆದು ಕೇಳಲಾಗದ
ನಿನ್ನ ಅಕ್ಕ
ಸುಂದರವ್ವ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಒಂದು ಮಾತು ಮುಚ್ಚಿಟ್ಟಿದ್ದೆ. ಆ ಬುಧವಾರ ಕಳೆದ ಮೇಲೆ ನಾನು ದಿನಾ ಎರಡರಿಂದ ಮೂರರ ತನಕ ಮಂದಿರದಲ್ಲಿ ಒಬ್ಬಳೇ ಕೂಡುತ್ತೇನೆ, ಊಟ ಬಿಟ್ಟು. ತೀರಿಹೋದವರಿಗಾಗಿ ಪ್ರಾರ್ಥನೆ ಮಾಡುವುದು ನಮ್ಮ ಸಭೆಯಲ್ಲಿ ಇಲ್ಲ, ಅದಕ್ಕೇ ಪಾಸ್ಟರರಿಗೂ ಹೇಳಿಲ್ಲ. ಆದರೆ ನಾನು ಬೇಡುವುದು ತೀರಿಹೋದ ಸಿದ್ಧರಾಮನಿಗಲ್ಲ, ಆ ಬುಧವಾರ ಮಂಚದ ಮೇಲೆ ಇನ್ನೂ ಜೀವಂತ ಇದ್ದವನಿಗೆ. ದೇವರಿಗೆ ನಾಳೆಯದೆಲ್ಲ ಇಂದೇ ಗೊತ್ತು ಎನ್ನುವುದು ಖರೆ ಆದರೆ, ನಾನು ಇವತ್ತು ಆಡುವ ಮಾತು ಆತನಿಗೆ ಅಂದೇ ಕೇಳಿಸಿರಬೇಕಲ್ಲ? ಉಳಿಸು ಎಂದು ಕೇಳುವುದಿಲ್ಲ, ಅದು ಆಗಿಹೋಗಿದೆ. ಆ ಖಾಲಿ ತಾಸಿನಲ್ಲಿ ಯಾರ ಕೈಯಿಂದಾದರೂ ಸರಿ, ಅವನ ಬಾಯಿಗೆ ಎರಡು ಹನಿ ನೀರು ಬೀಳಲಿ ಎಂದಷ್ಟೇ ಕೇಳುತ್ತೇನೆ. ಈಗ ತಂಬಿಗೆ ಅಡ್ಡ ಬರುವುದಿಲ್ಲ.

ಅದಕ್ಕೇ ಒಂದು ಕೆಲಸ ಮಾಡು. ಶಮ್ಶುನ್ನೀಸಾ ತನ್ನ ಸಿಂದಗಿಯ ವಿಳಾಸ ನಿನಗೆ ಬರೆದುಕೊಟ್ಟಿದ್ದಾಳಲ್ಲ, ಅವಳಿಗೆ ಒಂದು ಕಾರ್ಡು ಹಾಕಿ ಕೇಳು. ಮಧ್ಯಾಹ್ನದ ನಮಾಜು ಮುಗಿಸಿ ಏಳುವಾಗ ಅವನು ನೀರು ಬೇಡಿದ ಎಂದು ಅವಳು ಹೇಳಿದಳೆಂದು ನಿನ್ನ ಬಾಯಿಂದ ಕೇಳಿದ ನೆನಪು. ಆಗ ಎಷ್ಟು ಹೊತ್ತಾಗಿತ್ತು? ದವಾಖಾನೆಯ ಗಡಿಯಾರದಲ್ಲಿ ಎರಡೂವರೆ ಆದ ಮೇಲೋ, ಅದಕ್ಕಿಂತ ಮೊದಲೋ? ಮೊದಲೇ ಆಗಿದ್ದರೆ ಆ ಹೊತ್ತಿಗೆ ಮಂದಿರದಲ್ಲಿ ಯಾರೂ ಇರಲಿಲ್ಲ, ಆ ಎರಡು ಹನಿಯನ್ನು ಬೇಡಿದವಳು ಈಗ ಕೂಡುವ ನಾನೊಬ್ಬಳೇ. ಇನ್ನೊಂದು ಸಲ ಸರಿಯಾಗಿ ಕೇಳಿ ಬರೆ.